ಸಾಲಿನಲ್ಲಿ ನನ್ನ ಹಿಂದೆ ನಿಂತವನು

ಲೋ ಮೊಂಡ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ಉಪಚುನಾವಣೆ. ಲಂಚದ ಹಗರಣದಲ್ಲಿ ಸಿಕ್ಕಿಬಿದ್ದು ರಾಜೀನಾಮೆ ಕೊಟ್ಟನಲ್ಲ ನಮ್ಮ ಶಾಸಕ, ಯಾರ ದೆಸೆಯಿಂದ ನಾವಿಬ್ಬರು ಮಾತು ಬಿಟ್ಟೆವೋ ಅವನೇ, ಅವನೂ ಓಟು ಹಾಕಲು ಬಂದಿದ್ದ. ಅಭ್ಯಾಸಬಲದಿಂದ ಸೀದಾ ಬಾಗಿಲಿಗೇ ನಡೆದ. "ಸಾಲು ಆ ಕಡೆ ಇದೆ ಸಾರ್" ಎಂದರು ಬಾಗಿಲಲ್ಲಿದ್ದ ಪೊಲೀಸರು. ತೆಪ್ಪಗೆ ಬಂದು ನನ್ನ ಹಿಂದೆ ನಿಂತ.

ತಾನೇ ಬಿಟ್ಟ ಕುರ್ಚಿಯಲ್ಲಿ ಇವನು ಯಾರನ್ನು ಕೂರಿಸುತ್ತಾನೆ? ತನ್ನನ್ನು ಕೈಬಿಟ್ಟ ಪಕ್ಷದವನನ್ನೋ, ಎದುರಾಳಿಯನ್ನೋ? ತಡೆಯಲಾಗದೆ ಕೇಳೋಣವೆಂದು ತಿರುಗಿದೆ. ಅವನೇ ಕೇಳಿಬಿಟ್ಟ: "ನಿಮ್ಮ ಜೊತೆ ಯಾವಾಗ್ಲೂ ಒಬ್ರು ಬರ್ತಿದ್ರಲ್ಲ, ನನ್ನ ಕಂಡ್ರೆ ಉರಿದು ಬೀಳ್ತಿದ್ರು, ಎಲ್ಲಿ?"

"ಬರ್ತಿದಾನೆ" ಎಂದೆ.

ಅವನನ್ನು ಮುಂದೆ ಬಿಟ್ಟೆ. ಅವನ ಹಿಂದಿನವರನ್ನೂ ಬಿಟ್ಟು, ಗೇಟಿನ ಕಡೆ ನೋಡುತ್ತಾ ನಿಂತೆ.