ಡಾಂಬರಿನ ಕೆಳಗಿನ ವಾಲ್ವ್

ಗುರುವಾರ

ಪ್ರೀತಿಯ ಅಣ್ಣನಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ಅಷ್ಟಕ್ಕಷ್ಟೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸುಧಾರಿಸಿಕೊಂಡು ಓದು. ತಡವಾಗಿ ಬರೆಯುತ್ತಿರುವುದಕ್ಕೂ ಬೈಯಬೇಡ. ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತೇ ಇದೆ.

ನಮ್ಮ ಕೊನೇ ತಂಗಿ ಪುಟ್ಟಿಗೆ ವಾಂತಿಭೇದಿ ನಿಂತಿದೆ. ನಾಳೆ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರಂತೆ. "ಕರ್ಕೊಂಡ್ ಹೋಗಿ ಮತ್ತೆ ಅದೇ ನೀರು ಕುಡಿಸ್ತೀರಾ?" ಎಂದು ನರ್ಸಮ್ಮ ಅಮ್ಮನನ್ನು ಗದರಿದರು. ನಾವು ದೊಡ್ಡವರು ಆಚೆ ಬೀದಿಯ ಕೈಪಂಪಿನಿಂದ ತರುತ್ತೇವೆ. ಆದರೆ ತಿರುಪು ಮುರಿದ ನಮ್ಮ ಬೀದಿ ನಲ್ಲಿ ಚರಂಡಿ ಬೆರೆತ ನೀರನ್ನು ಸುರಿಸುತ್ತಲೇ ಇತ್ತು, ಮಕ್ಕಳು ಬೊಗಸೆ ಒಡ್ಡುತ್ತಲೇ ಇದ್ದರು.

ಈ ನೀರಿನ ವಿಷಯಕ್ಕೆ ಸೋಮವಾರ ಕೂಡಿದ ಸಭೆಗೆ ಟೀ ಕೊಟ್ಟವಳು ನಾನೇ. ನೀನು ನಿಮ್ಮ ನೀರಿನ ಇಲಾಖೆಯ ಎಂಜಿನಿಯರ್ ಹಿಂದೆ ನಿಂತಿದ್ದೆ, ವಾಲ್ವ್ ತಿರುಗಿಸುವ ಉದ್ದನೆಯ ಕೀಲಿ ಹಿಡಿದುಕೊಂಡು. ನೀನು ಕೇಳಿದ್ದನ್ನೇ ಮತ್ತೆ ಬರೆಯುತ್ತಿದ್ದೇನೆ.

"ಆ ಪೈಪ್ ಇವತ್ತೇ ಬಂದ್ ಮಾಡಿ," ಎಂದರು ಆರೋಗ್ಯ ಇಲಾಖೆಯ ಡಾಕ್ಟರಮ್ಮ.

"ವಾಲ್ವ್ ಮೇಲೆ ರಸ್ತೆಯವ್ರು ಡಾಂಬರು ಬಳಿದಿದ್ದಾರೆ ಮೇಡಂ. ಉಗುರಲ್ಲಿ ಕೆರೀಲಾ?" ಎಂದರು ನಿಮ್ಮ ಎಂಜಿನಿಯರ್.

"ಹೊಸಾ ರಸ್ತೆ ಸ್ವಾಮಿ! ಅಗೀಬೇಕಾದ್ರೆ ಪತ್ರ ಬರೀರಿ," ಎಂದರು ರಸ್ತೆ ಇಲಾಖೆಯವರು.

"ನಾವ್ಯಾಕೆ ಬರೀಬೇಕು? ಚರಂಡಿ ಪುರಸಭೆದು," ಎಂದರು ಮತ್ತೆ ನಿಮ್ಮ ಎಂಜಿನಿಯರ್.

ಪುರಸಭೆಯವರ ಬಾಯಲ್ಲಿ ಬಿಸ್ಕತ್ತಿತ್ತು. ಅಗಿದು ಮುಗಿಸಿ, "ಮುಂದಿನ ಸಭೆ ನಮ್ಮಲ್ಲಿ ಬೇಡ, ಎಸಿ ಕೆಟ್ಟಿದೆ," ಎಂದರು. ಅದೊಂದಕ್ಕೆ ಎಲ್ಲರೂ ತಲೆಯಾಡಿಸಿದರು.

ಅವರು ಎದ್ದು ಹೋದ ಮೇಲೆ ಬಾಟಲಿಗಳಲ್ಲಿ ಉಳಿದ ನೀರನ್ನೆಲ್ಲ ಒಂದಕ್ಕೆ ಸುರಿದುಕೊಂಡು ಪುಟ್ಟಿಗೆ ಒಯ್ದೆ. ನಮ್ಮ ನಲ್ಲಿಗಿಂತ ಸಾಹೇಬರ ಎಂಜಲೇ ಚೊಕ್ಕಟ ಅಣ್ಣಾ, ಥೂ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ನೀವಿಬ್ಬರೂ ತಣ್ಣಗಿರಿ. ನೀರು ಕಾಯಿಸಿ ಕುಡಿಯಿರಿ.

ನಿನ್ನ ತಂಗಿ

ಇನ್ನೊಂದು ಮಾತು. "ಆ ಬೀದಿಯವ್ರು ಯಾರಾದ್ರೂ ಇಲ್ಲಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದಾಗ ನಾನು ನಿನ್ನ ಮುಖ ನೋಡಿದೆ. ನೀನು "ಯಾರೂ ಇಲ್ಲ ಮೇಡಂ" ಎಂದೆ. ಆಮೇಲೆ ನನ್ನ ತಟ್ಟೆಯಿಂದ ಲೋಟ ತೆಗೆದುಕೊಂಡು, "ಸಕ್ಕರೆ ಕಮ್ಮಿ ಕಣಮ್ಮ," ಎಂದೆ, ಯಾರೋ ಕೆಲಸದವಳಿಗೆ ಹೇಳುವ ಹಾಗೆ. ಅಮ್ಮನಿಗೆ ಇದನ್ನು ಹೇಳಿಲ್ಲ. ನೀನು ಸಭೆಗೆ ಬಂದೇ ಇರಲಿಲ್ಲ ಎಂದಿದ್ದೇನೆ.

ಇವತ್ತು ಬೆಳಿಗ್ಗೆ ನಲ್ಲಿಯ ಬಾಯಿಗೆ ಮರದ ಬೆಣೆ ಬಡಿದು, ನೀನು ಮನೆಯಲ್ಲಿ ಬಿಟ್ಟುಹೋದ ಖಾಕಿ ಅಂಗಿಯನ್ನು ಹರಿದು ಅದರ ಮೇಲೆ ಬಿಗಿಯಾಗಿ ಕಟ್ಟಿದೆ.