ಎಲ್ಲಿಂದ ಸೊನ್ನೆ

ನಕ್ಷೆ ಕಚೇರಿ, ಎರಡನೇ ಮಹಡಿ
ಮಾರ್ಚ್ 14, ಶುಕ್ರವಾರ, ಮಧ್ಯಾಹ್ನ

ಕಡಲಿನಷ್ಟೇ ಹಠವಿರುವ ನನ್ನ ಹಡಗಿನ ಪೈಲಟರಿಗೆ,

ನಾಲ್ಕು ವರ್ಷದ ಮೇಲೆ ಈ ಹೆಂಡತಿಗೆ ಕಾಗದ ಬರೆಯುವ ಬುದ್ಧಿ ಯಾಕೆ ಬಂತು ಎಂದು ಹುಬ್ಬೇರಿಸಬೇಡಿ. ಅರ್ಧ ಓದಿ ಮಡಚಿಡುವ ಚಾಳಿ ನಿಮ್ಮದು. ಇದನ್ನು ಮಾತ್ರ ಪೂರ್ತಿ ಓದಿ.

ಮೂರು ದೇಶಗಳ ಸಭೆ ನಿನ್ನೆ ಮುಗಿಯಿತು. ನಾವೂ ಅಕ್ಕಪಕ್ಕದ ಇಬ್ಬರೂ ಸೇರಿ ನಡುವಿನ ಕಡಲಿಗೆ ಒಂದೇ ನಕ್ಷೆ ಮಾಡಲು ಕೂತಿದ್ದೆವು. ಮೊದಲೆರಡು ದಿನ ಎತ್ತು ಏರಿಗೆ, ಕೋಣ ನೀರಿಗೆ. ಯಾರ ಬಾವುಟ ಮೇಲೆ ಅಚ್ಚಾಗಬೇಕು ಎಂಬುದಕ್ಕೇ ಒಂದು ಬೆಳಗು ಹೋಯಿತು. ಮೂರನೆಯ ದಿನ ಉದ್ದ ಮೇಜಿನ ಮೇಲೆ ನಮ್ಮ ಹಾಳೆಯನ್ನೂ ಪೂರ್ವದ ನೆರೆಯವರ ಹಾಳೆಯನ್ನೂ ಅಂಚಿಗೆ ಅಂಚು ಸೇರಿಸಿ, ಟೀ ಲೋಟಗಳನ್ನೇ ಭಾರಕ್ಕಿಟ್ಟೆವು. ಗಡಿಗೆರೆಯ ಮೇಲಿನ ಒಂದೇ ಜಾಗಕ್ಕೆ ನಮ್ಮ ಹಾಳೆಯಲ್ಲಿ ನಾಲ್ಕೂವರೆ ಮೀಟರ್ ಆಳ, ಅವರದರಲ್ಲಿ ಆರು.

ಅವರ ಹಿರಿಯ ನಕ್ಷೆಗಾರರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ನೀವು ಆಳ ಎಣಿಸುವ ಸೊನ್ನೆಯನ್ನು ಎಲ್ಲಿಡ್ತೀರಿ ತಾಯಿ ಎಂದು ದುಭಾಷಿಯ ಮೂಲಕ ಕೇಳಿದರು. ನೀರು ತೀರಾ ಇಳಿದಾಗಿನ ಮಟ್ಟದಲ್ಲಿ ಎಂದೆ. ನಮ್ಮದು ಸರಾಸರಿ ಮಟ್ಟದಲ್ಲಿ ಎಂದರು. ಎರಡು ಹಾಳೆಯಲ್ಲೂ ಇದನ್ನು ಬರೆದಿರಲಿಲ್ಲ. ಇಳಿತದ ಹೊತ್ತಿಗೆ ಅವರ ಆರು ಎಂದರೆ ನಮ್ಮ ನಾಲ್ಕೂವರೆ. ಇಬ್ಬರ ಅಂಕಿಯೂ ಸರಿ. ಒಬ್ಬರನ್ನೊಬ್ಬರು ಕೇಳಿರಲಿಲ್ಲ, ಅಷ್ಟೇ.

ಗೆರೆ ದಾಟಿದರೆ ಕೂಗಳತೆ ದೂರದಲ್ಲೇ ಅಂದು ನಿಮ್ಮ ಹಡಗು ತಾಗಿದ ಬಂಡೆ. ಅಲ್ಲಿ ಅವರ ಹಾಳೆಯೊಂದೇ ಗತಿ, ಅದರಲ್ಲಿ ಆರು ಎಂದೇ ಇತ್ತು. ನಿಮ್ಮ ಹಡಗಿಗೆ ಬೇಕಿದ್ದದ್ದು ಐದು, ಅಂದಿನ ಇಳಿತದಲ್ಲಿ ಇದ್ದದ್ದು ನಾಲ್ಕೂವರೆ.

ವಿಚಾರಣೆಯಲ್ಲಿ ನೀವು, ನಾನು ದಾರಿ ಬಿಟ್ಟಿಲ್ಲ ಎಂದಿರಿ. ನಕ್ಷೆಯ ಸಾಕ್ಷಿಗೆ ನನ್ನನ್ನೇ ಕರೆದಿದ್ದರು. ನೀವು ಹೆಸರಿಟ್ಟ ಹಾಗೆ ನಾನು ಅಳತೆಗೋಲೇ. ಅಂಕಿ ಸುಳ್ಳು ಹೇಳುವುದಿಲ್ಲ, ಹಡಗೇ ದಾರಿ ಬಿಟ್ಟಿರಬೇಕು ಎಂದುಬಿಟ್ಟೆ. ನಿಮ್ಮ ಲೈಸೆನ್ಸ್ ಹೋಯಿತು. ಆ ಸಂಜೆ ನೀವು ಪೆಟ್ಟಿಗೆ ಹಿಡಿದು ನಿಮ್ಮ ಅಕ್ಕನ ಮನೆಗೆ ಹೊರಟಿರಿ. ಹೋಗಬೇಡಿ ಎಂದು ನಾನೂ ಹೇಳಲಿಲ್ಲ.

ನಿನ್ನೆ ಎಲ್ಲರೆದುರು ಎದ್ದು ನಿಂತೆ. ಈ ಬಂಡೆಗೆ ತಾಗಿದ ಹಡಗಿನ ಪೈಲಟ್ ದಾರಿ ಬಿಟ್ಟಿರಲಿಲ್ಲ, ಅವರ ವಿರುದ್ಧ ಸಾಕ್ಷಿ ಹೇಳಿದವಳು ನಾನು, ಅವರು ನನ್ನ ಗಂಡ ಎಂದೆ. ಆ ಮಾತು ಮೂರೂ ದೇಶದ ದಾಖಲೆ ಸೇರಿದೆ. ಇನ್ನು ಮೂವರಿಗೂ ಒಂದೇ ಸೊನ್ನೆ. ಬಂಡೆಯ ಹತ್ತಿರ ತೇಲುದೀಪ ಬರುತ್ತದೆ, ಅದನ್ನು ನೋಡಿಕೊಳ್ಳುವುದು ಮೂವರ ಪಾಳಿ. ಆ ಹಿರಿಯರು ನನ್ನ ಕೈ ಹಿಡಿದು, ನಮ್ಮಿಂದಲೂ ತಪ್ಪಾಯ್ತು ಅಂತ ನಿಮ್ಮ ಯಜಮಾನರಿಗೆ ತಿಳಿಸಿ ಎಂದರು.

ತಿಳಿಸಿದ್ದೇನೆ. ನನ್ನದೂ ತಪ್ಪಾಯಿತು. ಊರೆಲ್ಲ ಬೈದರೂ ಆಡಿದ ಮಾತು ಬದಲಿಸದ ನಿಮ್ಮ ಬಗ್ಗೆ ನನಗೆ ತುಂಬಾ ಹೆಮ್ಮೆ. ನಿನ್ನೆ ಬಾಯಿ ಬಿಟ್ಟ ನನ್ನ ಬಗ್ಗೆಯೂ ಒಂದಿಷ್ಟು ಇದೆ, ನಗಬೇಡಿ. ವಿಚಾರಣೆ ಮತ್ತೆ ತೆರೆಸಲು ಸಭೆಯ ನಿರ್ಣಯದ ಪ್ರತಿ ಜೊತೆಗಿಟ್ಟಿದ್ದೇನೆ. ಅದನ್ನು ಹಿಡಿದು ಬನ್ನಿ, ಬಂದರು ಕಚೇರಿಗೆ ಇಬ್ಬರೂ ಹೋಗೋಣ.

ಇನ್ನೂ ಹಾಗೆ ಬರೆಯಬಹುದಾದರೆ, ನಿಮ್ಮ
ಅಳತೆಗೋಲು

ತಾ.ಕ.: ಈ ಸಭೆ ಹೇಗೆ ಹುಟ್ಟಿತೆಂದು ಬರೆಯಲಿಲ್ಲ. ನೀವು ಹೋದ ಮರುದಿನವೇ ನಕ್ಷೆಗಳನ್ನು ತಾಳೆ ನೋಡೋಣ ಎಂದು ನೆರೆಯವರ ಕಚೇರಿಗೆ ಮೊದಲ ಪತ್ರ ಬರೆದವಳು ನಾನು. ಅವರಿಂದ ಉತ್ತರ ಬರಲು ಹದಿನೇಳು ಪತ್ರ ಬೇಕಾಯಿತು. ನಿಮಗೆ ಹೇಳಲಿಲ್ಲ. ತಪ್ಪು ನಿಮ್ಮದೇ ಎಂದು ಗೊತ್ತಾದರೆ ಅದು ನನ್ನೊಬ್ಬಳಲ್ಲೇ ಉಳಿಯಲಿ ಎಂದುಕೊಂಡಿದ್ದೆ.