ನಯನಾಳ ಬಾಳೆಹಣ್ಣು

ಕೋಗಿಲು, ಜುಲೈ ೧೫, ಮಂಗಳವಾರ

ನಯನಾಳನ್ನು ಗದರಿದ್ದು ಇನ್ನೂ ಚುಚ್ಚುತ್ತಿದೆ. ಮೊಟ್ಟೆ ಎಂದರೆ ಪ್ರಾಣ ಬಿಡುವ ಹುಡುಗಿ, ವಾರದಿಂದ ಬಿಸಿಯೂಟದಲ್ಲಿ ಬಾಳೆಹಣ್ಣೇ ಬೇಕೆಂದು ಹಟ ಹಿಡಿದಿದ್ದಳು. ಅವಳ ಅಪ್ಪನ ಗಾರೆ ಕೆಲಸ ನಿಂತಿದೆಯಂತೆ. ಮೊಟ್ಟೆಯನ್ನು ಶಾಲೆಯಲ್ಲೇ ತಿನ್ನಬೇಕು. ಹಣ್ಣಾದರೆ ಬ್ಯಾಗಿನಲ್ಲಿಟ್ಟು ತಮ್ಮನಿಗೆ ಒಯ್ಯಬಹುದು. ಮೂರನೇ ಕ್ಲಾಸಿನ ಮಗುವಿನ ಲೆಕ್ಕ! ಟೀಚರಾದ ನನಗೆ ಹೊಳೆಯಲಿಲ್ಲ, ಅಡುಗೆಯ ಮುನಿಯಲ್ಲಮ್ಮನಿಗೆ ಹೊಳೆಯಿತು.

ಇವತ್ತು ಅವರು ಮನೆಯಿಂದ ತಂದ ಎರಡು ಹಣ್ಣನ್ನು ಅವಳ ಬ್ಯಾಗಿಗೆ ತುರುಕಿ, ತಟ್ಟೆಗೆ ಮೊಟ್ಟೆ ಹಾಕಿ, ಸೊಂಟಕ್ಕೆ ಕೈಯಿಟ್ಟು ನಿಂತರು. “ನಿನ್ ತಮ್ಮಂದು ಬ್ಯಾಗ್‌ನಾಗೈತೆ. ಇದು ನಿಂದು. ನನ್ ಮುಂದೇನೇ ತಿನ್ನು.”

ನಯನಾ ಮೊಟ್ಟೆಯನ್ನು ಎರಡು ಹೋಳು ಮಾಡಿ ಒಂದನ್ನು ಮೇಲೆತ್ತಿ ಹಿಡಿದಳು. “ಅಜ್ಜಿ, ನೀವ್ ಊಟ ಮಾಡಿದ್ರಾ?”

ಎಲ್ಲರನ್ನೂ ಬೈಯುವ ಮುನಿಯಲ್ಲಮ್ಮ ಸರಕ್ಕನೆ ತಿರುಗಿ ಒಲೆ ನೋಡಲು ಒಳಗೆ ಹೋದರು. ಒಲೆ ಆಗಲೇ ಆರಿತ್ತು.